ಕೃಷ್ಣೆಯ ಜೋಡಿ ನಡುಗಡ್ಡೆಗಳು

ಮಲಪ್ರಭೆಯು ಕೃಷ್ಣೆಯನ್ನು ಸೇರುವ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಒಂದು, ಕೃಷ್ಣೆಯ ಎಡದಂಡೆಗೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಇನ್ನೊಂದು, ಹೀಗೆ ನೀರಿನ ನಡುವೆ ನಿಂತಿರುವ ಎರಡು ದುಂಡು ಕಟ್ಟಡಗಳು ಕಲಾದಗಿ ಸೀಮೆಯ ಪ್ರವಾಸಿಗೆ ಸಮುದ್ರವಿಲ್ಲದ ನಾಡಿನಲ್ಲಿ ದ್ವೀಪಗಳನ್ನು ಕಂಡ ಅನುಭವವನ್ನು ಕೊಡುತ್ತವೆ. ಮೊದಲನೆಯದು ಬಸವಣ್ಣನವರ ಐಕ್ಯಮಂಟಪ, ಎರಡನೆಯದು ಅವರ ಪತ್ನಿ ನೀಲಾಂಬಿಕೆಯದು. ಐಕ್ಯವೆಂದರೆ ಲಿಂಗದಲ್ಲಿ ಒಂದಾಗುವುದು. ಶರಣರು ಮರಣವನ್ನು ಕಂಡ ಬಗೆಯೇ ಅದು.

ಕೆರಿಬಿಯನ್ ಸಮುದ್ರದ ಆಂಟಿಗುವಾ–ಬಾರ್ಬುಡಾದಂತಹ ಜೋಡಿ ದ್ವೀಪಗಳನ್ನು ಪ್ರಕೃತಿಯೇ ನಿರ್ಮಿಸಿದ್ದರೆ, ಕೃಷ್ಣೆಯ ಈ ಜೋಡಿ ಹುಟ್ಟಿದ್ದು ಅಣೆಕಟ್ಟಿನಿಂದ. ನಾರಾಯಣಪುರದ ಬಳಿ 1982ರಲ್ಲಿ ಪೂರ್ಣಗೊಂಡ ಬಸವಸಾಗರದ ಹಿನ್ನೀರು, ಎಂದರೆ ಕಟ್ಟೆಯ ತಡೆಯಿಂದ ಹಿಂದಕ್ಕೆ ಹರಡಿ ನಿಲ್ಲುವ ನೀರು, ಎರಡೂ ದಂಡೆಗಳನ್ನು ಆವರಿಸುವಂತಾಯಿತು. ಶ್ರೀಶೈಲ ಜಲಾಶಯದ ಮುಳುಗಡೆಯಿಂದ ಉಳಿಸಲು ಕೂಡವೆಲ್ಲಿಯ ಸಂಗಮೇಶ್ವರ ದೇಗುಲವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತಾದರೂ, ಶರಣರು ಐಕ್ಯರಾದ ನೆಲವನ್ನು ಹಾಗೆ ಹೊತ್ತೊಯ್ಯಲಾಗದು. ಆದ್ದರಿಂದ ಸ್ಥಳವನ್ನು ಇದ್ದಲ್ಲಿಯೇ ಉಳಿಸಿ, ಅದರ ಸುತ್ತ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿ, ದಡದಿಂದ ಸೇತುವೆಯನ್ನು ಜೋಡಿಸಲಾಯಿತು. ಜಲಾಶಯ ತುಂಬಿದಾಗ ಸೇತುವೆಯನ್ನು ದಾಟಿ ಮೆಟ್ಟಿಲಿಳಿದು ಮಂಟಪವನ್ನು ತಲುಪುವವನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿರುತ್ತಾನೆ. ಯಾವ ಕಡಲತೀರದ ವಿಹಾರಧಾಮವೂ ಕೊಡಲಾರದ ಅನುಭವವಿದು.

ಬಾಲ್ಯದಲ್ಲಿ ವಿದ್ಯೆಗಾಗಿ ಸಂಗಮಕ್ಕೆ ಬಂದಿದ್ದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕ್ಷೋಭೆಗೊಂಡ ದಿನಗಳಲ್ಲಿ ಇಲ್ಲಿಗೇ ಮರಳಿದರು. ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ, ಆಕೆಯೂ ಅಪ್ಪಣ್ಣನೂ ತಂಗಡಗಿಗೆ ಬಂದಾಗ ಬಸವಣ್ಣನವರು ಐಕ್ಯರಾದ ಸುದ್ದಿ ತಿಳಿದು ಇಬ್ಬರೂ ಅಲ್ಲಿಯೇ ಐಕ್ಯರಾದರೆಂದೂ ಪರಂಪರೆ ಹೇಳುತ್ತದೆ. ಹಿಂದೆ ಕಲಾದಗಿ ಜಿಲ್ಲೆಯಲ್ಲಿ, ಬಳಿಕ ವಿಜಾಪುರ ಜಿಲ್ಲೆಯಲ್ಲಿ ಒಟ್ಟಿಗಿದ್ದ ಈ ಎರಡು ಸ್ಥಳಗಳು 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಬೇರೆಬೇರೆ ಜಿಲ್ಲೆಗಳ ಪಾಲಾದವು. ಬಹುಶಃ ಇದೂ ಒಂದು ಕಾರಣವಾಗಿ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿ ಸಂಗಮದವರೆಗೆ ಬರುವವರಲ್ಲಿ ಹಲವರು ತಂಗಡಗಿಯನ್ನು ಮರೆಯುತ್ತಾರೆ. ಇದು ಪ್ರವಾಸದ ಅರ್ಧವನ್ನೇ ಬಿಟ್ಟಂತೆ.

ಸಂಗಮದ ದಂಡೆಯ ಸಂಗಮನಾಥ ದೇವಾಲಯ ಚಾಲುಕ್ಯ ಶೈಲಿಯದು. ಸಂಕ್ರಾಂತಿಯಂದು ಸುತ್ತಲಿನ ಊರುಗಳವರು ಸಂಗಮದಲ್ಲಿ ಮಿಂದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳ ಬುತ್ತಿಯನ್ನು ದಂಡೆಯಲ್ಲಿಯೇ ಬಿಚ್ಚುತ್ತಾರೆ.

ಮಳೆ ಕಡಿಮೆಯಿರುವ ಈ ಬಯಲಿಗೆ ನೀರು ಬರುವುದು ದೂರದ ಸಹ್ಯಾದ್ರಿಯಿಂದ. ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆಗಳೆರಡೂ ಉಕ್ಕಿ ದಂಡೆಯ ಊರುಗಳನ್ನು ಸಂಕಷ್ಟಕ್ಕೆ ತಳ್ಳಿದವು. ಬೇಸಿಗೆಯಲ್ಲಿ ನೀರು ಇಳಿದಂತೆ ಗೋಡೆಯ ಬುಡ ಬಯಲಾಗಿ ನಡುಗಡ್ಡೆಯ ಸೊಗಸು ಕುಂದುವುದರಿಂದ, ಹೊಳೆ ಶಾಂತವಾಗಿ ಹಿನ್ನೀರು ಇನ್ನೂ ತುಂಬಿರುವ ದೀಪಾವಳಿಯ ಆಸುಪಾಸಿನ ದಿನಗಳು ಭೇಟಿಗೆ ತಕ್ಕವು. ಬೆಳಗ್ಗೆ ಸಂಗಮವನ್ನು ನೋಡಿದವರು ಹುನಗುಂದ–ಮುದ್ದೇಬಿಹಾಳ ರಸ್ತೆಯಲ್ಲಿ ಕೃಷ್ಣೆಯನ್ನು ದಾಟಿ ಅದೇ ದಿನ ತಂಗಡಗಿಯನ್ನೂ ನೋಡಬಹುದು.