ಸಂರಚನಾ ಸಮೀಕರಣಗಳ ನಿರ್ಧಾರ್ಯತೆ: ದುರ್ಗದ ಸೀಮೆಯಿಂದ ಒಂದು ಉದಾಹರಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಅನಾವೃಷ್ಟಿಯು ಒಕ್ಕಲು ಮನೆತನಗಳನ್ನು ಎಷ್ಟರಮಟ್ಟಿಗೆ ಬಾಧಿಸುತ್ತದೆಂಬುದನ್ನು ಅಳೆಯಬೇಕೆಂದಿಟ್ಟುಕೊಳ್ಳೋಣ. ‘ಅನಾವೃಷ್ಟಿ’, ‘ಸಂಕಷ್ಟ’ ಇವೆರಡೂ ನೇರವಾದ ಅಳತೆಗೆ ಸಿಕ್ಕುವುವಲ್ಲ, ಅವ್ಯಕ್ತ ಚರಗಳು. ಆದುದರಿಂದ ಮೊದಲನೆಯದಕ್ಕೆ ಮಳೆಯ ಕೊರತೆ ಮತ್ತು ಕೊಳವೆಬಾವಿಯ ನೀರಿನ ಇಳಿತ, ಎರಡನೆಯದಕ್ಕೆ ಸಾಲದ ಹೊರೆ ಮತ್ತು ಗುಳೆ ಹೋದ ದಿನಗಳು, ಹೀಗೆ ತಲಾ ಎರಡು ಸೂಚಕಗಳನ್ನು ಆರಿಸಿಕೊಳ್ಳುತ್ತೇವೆ. ಈ ಅಳತೆಗಳಿಂದ ಪ್ರತಿಯೊಂದು ಅಜ್ಞಾತಕ್ಕೂ ಒಂದೇ ಒಂದು ಬೆಲೆ ದೊರೆಯುವುದೆ? ದೊರೆಯುವುದಾದರೆ ಮಾತ್ರ ಸಮೀಕರಣಗಳ ಈ ವ್ಯೂಹವು ನಿರ್ಧಾರ್ಯವೆನಿಸುತ್ತದೆ.

ವಾಡಿಕೆಯ ಪರೀಕ್ಷೆ ಎಣಿಕೆಯದು. ಪ್ರತಿ ಸೂಚಕದ ಏರಿಳಿತವನ್ನು ವ್ಯತ್ಯಯವೆಂದೂ, ಎರಡು ಸೂಚಕಗಳು ಜತೆಗೂಡಿ ಏರಿಳಿಯುವುದನ್ನು ಸಹವ್ಯತ್ಯಯವೆಂದೂ ಕರೆಯೋಣ. ನಾಲ್ಕು ಸೂಚಕಗಳಿಂದ 4 ವ್ಯತ್ಯಯ, 6 ಸಹವ್ಯತ್ಯಯ. ಜ್ಞಾತಗಳು ಒಟ್ಟು 10. ಮಳೆಯ ಕೊರತೆ ಹಾಗೂ ಸಾಲ ಇವುಗಳ ಗುಣಕವನ್ನು 1 ಎಂದು ಹಿಡಿದು ಅಳತೆಗೋಲನ್ನು ಗೊತ್ತುಮಾಡಿದ ಮೇಲೆ ಗುಣಕಗಳು 2, ಅವ್ಯಕ್ತ ಚರಗಳ ವ್ಯತ್ಯಯ 2, ಅವುಗಳ ಸಹವ್ಯತ್ಯಯ 1, ಅಳತೆಯ ದೋಷಗಳ ವ್ಯತ್ಯಯ 4, ಅಂತೂ 9 ಅಜ್ಞಾತಗಳು ಉಳಿಯುತ್ತವೆ. ಜ್ಞಾತಗಳೇ ಹೆಚ್ಚಾದುದರಿಂದ ಅನೇಕರು ಇಲ್ಲಿಗೆ ನಿಶ್ಚಿಂತರಾಗುತ್ತಾರೆ. ಎಣಿಕೆಯು ಅವಶ್ಯಕವೇ ಹೊರತು ಸಾಕಾದುದಲ್ಲ.

ನೀರಿನ ಇಳಿತದ ಗುಣಕ ದೊರೆಯುವ ಬಗೆಯನ್ನು ನೋಡಿರಿ. ನೀರಿನ ಇಳಿತಕ್ಕೂ ಸಾಲಕ್ಕೂ ಇರುವ ಸಹವ್ಯತ್ಯಯವನ್ನು ಮಳೆಯ ಕೊರತೆಗೂ ಸಾಲಕ್ಕೂ ಇರುವ ಸಹವ್ಯತ್ಯಯದಿಂದ ಭಾಗಿಸಬೇಕು. ಅನಾವೃಷ್ಟಿಗೂ ಸಂಕಷ್ಟಕ್ಕೂ ಸಂಬಂಧವೇ ಇಲ್ಲದ ಕಡೆ ಇವೆರಡೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಪಡೆಯುವುದೇನು? ಆಗ ವ್ಯೂಹವು ಎರಡು ಹೋಳಾಗಿ, ಪ್ರತಿ ಹೋಳಿನಲ್ಲಿ 3 ಜ್ಞಾತಗಳಿಗೆ 4 ಅಜ್ಞಾತಗಳು ಉಳಿಯುತ್ತವೆ.

ಇದು ಬರಿಯ ಗಣಿತದ ಶಂಕೆಯಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರಕ್ಕೆ ನೀರು ಬರುವುದು ಹಿರಿಯೂರಿನಲ್ಲಿ ಬಿದ್ದ ಮಳೆಯಿಂದಲೇ ಅಲ್ಲ; ನದಿಯು ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಿಂದ ಇಳಿದು ಬರುತ್ತದೆ. ನಾಲೆಯ ಕೆಳಗಿನ ಒಕ್ಕಲಿಗೆ ಊರ ಮಳೆ ತಪ್ಪಿದರೂ ಬೆಳೆ ತಪ್ಪದಿರಬಹುದು. ಹೊಸದುರ್ಗದ ಮಳೆಯಾಶ್ರಿತ ಹೊಲಗಳಲ್ಲಿ ನಿರ್ಧಾರ್ಯವಾಗುವ ವ್ಯೂಹವೇ ನಾಲೆಯ ಬಯಲಿನಲ್ಲಿ ಅನಿರ್ಧಾರ್ಯವಾಗುವ ಸಂಭವ ಇಂತಹುದು. ಸಂಬಂಧವು ಸೊನ್ನೆಗೆ ಹತ್ತಿರವಿದ್ದರೂ ಗಣಕಯಂತ್ರವು ಯಾವುದೋ ಅಂಕಿಯನ್ನು ಮುದ್ರಿಸಿಯೇ ಕೊಡುತ್ತದೆ. ಅದರ ಮಾನಕದೋಷ ವಿಪರೀತವಾಗಿ ಉಬ್ಬಿರುವುದನ್ನು ಕಂಡವರು ಮಾತ್ರ ಎಚ್ಚರಗೊಳ್ಳುತ್ತಾರೆ. ಸಂಬಂಧವೇ ಇಲ್ಲದಲ್ಲಿ ಇನ್ನಷ್ಟು ಮನೆಗಳನ್ನು ಸಮೀಕ್ಷಿಸಿದರೂ ಪ್ರಯೋಜನವಿಲ್ಲ.

ಪರಿಹಾರವು ಪ್ರಶ್ನಾವಳಿಯಲ್ಲಿದೆ. ಅನಾವೃಷ್ಟಿಗೆ ಕೆರೆಯ ನೀರಿನ ಮಟ್ಟವನ್ನೂ, ಸಂಕಷ್ಟಕ್ಕೆ ಮಾರಿದ ದನಗಳ ಸಂಖ್ಯೆಯನ್ನೂ ಮೂರನೆಯ ಸೂಚಕವಾಗಿ ಸೇರಿಸಿದರೆ, ಪ್ರತಿ ಹೋಳಿನಲ್ಲಿಯೂ 6 ಜ್ಞಾತಗಳಿಗೆ 6 ಅಜ್ಞಾತಗಳಾಗುತ್ತವೆ. ಸೂಚಕಗಳ ಗುಣಕಗಳು ಸೊನ್ನೆಯಾಗದೆ, ಅಳತೆಯ ದೋಷಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ, ಪ್ರತಿ ಹೋಳೂ ಇನ್ನೊಂದರ ಹಂಗಿಲ್ಲದೆ ನಿರ್ಧಾರ್ಯವಾಗುತ್ತದೆ.