ನಮ್ಕಾ ಚು ದಂಡೆಯ ಬ್ರಿಗೇಡಿಯರ್

ಬ್ರಿಗೇಡಿಯರ್ ಜೆ. ಪಿ. ದಳ್ವಿಯವರ ‘ಹಿಮಾಲಯನ್ ಬ್ಲಂಡರ್’ 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ರವಿ ಬೆಳಗೆರೆ ಅದೇ ಹೆಸರಿನಲ್ಲಿ ಅದನ್ನು ಕನ್ನಡಕ್ಕೆ ತಂದ ಮೇಲೆ, ಸೈನ್ಯದ ಗಂಧಗಾಳಿಯೂ ಇಲ್ಲದ ಮನೆಗಳಲ್ಲಿ 1962ರ ಚೀನಾ ಯುದ್ಧ ಮಾತಿನ ವಸ್ತುವಾಯಿತು. ಗೆದ್ದ ಸೇನಾನಿಗಳು ನೆನಪು ಬರೆಯುವುದು ವಾಡಿಕೆ. ಇದು ಸೋತವರ ಪುಸ್ತಕ. ಬರೆದವರು ಯುದ್ಧದ ಮೊದಲ ಏಟು ತಿಂದ 7ನೇ ಇನ್‌ಫೆಂಟ್ರಿ ಬ್ರಿಗೇಡಿನ ಮುಖ್ಯಸ್ಥರು. ಆರು ತಿಂಗಳಿಗೂ ಹೆಚ್ಚು ಕಾಲ ಚೀನಾದ ಯುದ್ಧಕೈದಿಯಾಗಿದ್ದವರು.

ದಳ್ವಿ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಸೇವೆ ಸಲ್ಲಿಸಿದ್ದರು. ಅವರ ನೆನಪಿನ ಎಳೆ 1950ರಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಅವರು ನೀಲಗಿರಿಯ ವೆಲ್ಲಿಂಗ್ಟನ್ ಸ್ಟಾಫ್ ಕಾಲೇಜಿನ ವಿದ್ಯಾರ್ಥಿ. ಚೀನಾ ಸೈನ್ಯ ಟಿಬೆಟ್ಟಿಗೆ ನುಗ್ಗಿದ ಸುದ್ದಿ ಬಂದ ದಿನ ಕಾಲೇಜಿನ ಮುಖ್ಯಸ್ಥ ಜನರಲ್ ಲೆಂಟೇನ್ ಪಾಠ ನಡೆಯುತ್ತಿದ್ದ ಕೋಣೆಗೇ ಬಂದು, ಭಾರತದ ಬೆನ್ನಿನ ಬಾಗಿಲು ತೆರೆದುಹೋಯಿತು ಎಂಬರ್ಥದ ಎಚ್ಚರಿಕೆ ಕೊಟ್ಟರಂತೆ. ಕೇಳಿಸಿಕೊಂಡ ತರುಣ ಅಧಿಕಾರಿಗಳಲ್ಲಿ ಒಬ್ಬರು ಹನ್ನೆರಡು ವರ್ಷಗಳ ನಂತರ ಅದೇ ಬಾಗಿಲಲ್ಲಿ ನಿಲ್ಲಬೇಕಾಯಿತು.

ಆ ಜಾಗ ಆಗಿನ ನೇಫಾ, ಅಂದರೆ ಈಗಿನ ಅರುಣಾಚಲ ಪ್ರದೇಶದ ಪಶ್ಚಿಮ ತುದಿ. ಭೂತಾನ್, ಟಿಬೆಟ್ ಎರಡೂ ಅಲ್ಲಿಗೆ ಹತ್ತಿರ. ಥಾಗ್ಲಾ ಎಂಬ ಎತ್ತರದ ಏಣಿನ ಕೆಳಗೆ ನಮ್ಕಾ ಚು ಎಂಬ ಸಣ್ಣ ಹೊಳೆ ಹರಿಯುತ್ತದೆ. ಹೊಳೆಯ ದಕ್ಷಿಣಕ್ಕೆ 1962ರ ಜೂನಿನಲ್ಲಿ ಅಸ್ಸಾಂ ರೈಫಲ್ಸ್ ‘ಧೋಲಾ’ ಎಂಬ ಠಾಣೆ ಹಾಕಿತು. ಸೆಪ್ಟೆಂಬರ್ 8ರಂದು ಚೀನೀ ಸೈನಿಕರು ಥಾಗ್ಲಾದಿಂದ ಇಳಿದು ಅದನ್ನು ಮುತ್ತಿದರು. ಅವರನ್ನು ಹೊರದಬ್ಬಬೇಕೆಂದು ದೆಹಲಿ ತೀರ್ಮಾನಿಸಿತು. ಆ ಕೆಲಸ ದಳ್ವಿಯವರ ಬ್ರಿಗೇಡಿನ ಪಾಲಿಗೆ ಬಂತು.

ಪುಸ್ತಕದ ನಿಜವಾದ ಸತ್ವ ಇಲ್ಲಿಂದ ಮುಂದಿನ ಪುಟಗಳಲ್ಲಿದೆ. ತವಾಂಗ್‌ನಿಂದಾಚೆಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಹದಿಮೂರು ಸಾವಿರ ಅಡಿಗೂ ಎತ್ತರದ ಹಾಥುಂಗ್ಲಾ ಕಣಿವೆದಾರಿ ದಾಟಿ, ನಡೆದೇ ಹೊಳೆ ಸೇರಬೇಕು. ಬಯಲುಸೀಮೆಯಿಂದ ಅವಸರದಲ್ಲಿ ಸಾಗಿಸಿದ ಸೈನಿಕರ ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ. ಎತ್ತರದ ಗಾಳಿಗೆ ಒಗ್ಗಿಕೊಳ್ಳಲು ಬೇಕಾದ ಬಿಡುವಿಲ್ಲ. ಒಬ್ಬೊಬ್ಬನ ಬಳಿ ಇದ್ದದ್ದು ಸುಮಾರು 50 ಗುಂಡು. ಮರ ಕಡಿದು ಬಂಕರಿಗೆ ಮಾಡು ಹೊದಿಸಲು ಕೊಡಲಿ, ಗರಗಸಗಳೂ ಸಾಕಷ್ಟಿರಲಿಲ್ಲ. ಉಳಿದದ್ದೆಲ್ಲ ವಿಮಾನದಿಂದ ತ್ಸಾಂಗಧಾರ್ ಎಂಬ ಎತ್ತರದ ಹುಲ್ಲುಗಾವಲಿಗೆ ಬೀಳಬೇಕು. ಬೀಳಿಸಿದ ಸಾಮಾನಿನಲ್ಲಿ ಬಹುಪಾಲು ಕಮರಿಗೆ ಹೋಗುತ್ತಿತ್ತು; ಸಿಕ್ಕಿದ್ದನ್ನು ಹೆಕ್ಕಿ ಹೊತ್ತು ತರಲು ಹೋರಾಡಬೇಕಾದ ಸೈನಿಕರೇ ಕೂಲಿಗಳಾದರು. ಎದುರು ದಂಡೆಯಲ್ಲಿ ಚೀನೀಯರು ಎತ್ತರದ ನೆಲ ಹಿಡಿದಿದ್ದರು. ಅವರ ಬೆನ್ನಿಗೆ ರಸ್ತೆಯೂ ಇತ್ತು. ದಳ್ವಿ ಈ ಕೊರತೆಗಳನ್ನು ಅಂಗಡಿಯ ಲೆಕ್ಕದ ಪುಸ್ತಕದಂತೆ ಒಂದೊಂದಾಗಿ ಬರೆದಿಡುತ್ತಾರೆ. ಯುದ್ಧ ಸೋತದ್ದು ಏಕೆಂಬ ಪ್ರಶ್ನೆಗೆ ಈ ಲೆಕ್ಕ ಕೊಡುವ ಉತ್ತರ ಅವರ ರಾಜಕೀಯ ವಾದಗಳಿಗಿಂತ ಗಟ್ಟಿಯಾಗಿದೆ.

ಅಕ್ಟೋಬರ್ ಮೊದಲ ವಾರ ಹೊಸದಾಗಿ ರಚಿಸಿದ 4ನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಸ್ವತಃ ಹೊಳೆಯ ಬಳಿಗೆ ಬಂದರು. ಅವರ ಸೂಚನೆಯಂತೆ 9 ಪಂಜಾಬ್ ಪಡೆಯ ಸುಮಾರು 50 ಜನರ ತುಕಡಿ ಹೊಳೆ ದಾಟಿ ತ್ಸೆಂಗ್‌ಜಾಂಗ್ ಎಂಬಲ್ಲಿ ನೆಲೆಯೂರಿತು. ಅಕ್ಟೋಬರ್ 10ರ ಬೆಳಿಗ್ಗೆ ಚೀನಾದ ಒಂದು ಇಡೀ ಬೆಟಾಲಿಯನ್ ಅದರ ಮೇಲೆರಗಿತು. ಮೊದಲ ದಾಳಿಯನ್ನು ಪಂಜಾಬಿಗಳು ಹಿಮ್ಮೆಟ್ಟಿಸಿ ಬೆಂಬಲದ ಗುಂಡಿನ ದಾಳಿ ಕೇಳಿದರು. ದಳ್ವಿ ಕೊಡಲಿಲ್ಲ. ಕೊಟ್ಟಿದ್ದರೆ ಹೊಳೆಯಂಚಿನಲ್ಲಿ ಬಯಲಿಗೆ ಬಿದ್ದಿದ್ದ ಇಡೀ ಬ್ರಿಗೇಡಿನ ಮೇಲೆ ಯುದ್ಧ ಎರಗುತ್ತಿತ್ತು ಎಂಬುದು ಅವರ ವಿವರಣೆ. ಸತ್ತ ಭಾರತೀಯರನ್ನು ಚೀನೀಯರು ಸೈನಿಕ ಮರ್ಯಾದೆಯೊಂದಿಗೆ ಹೂಳುವುದನ್ನು ಈಚೆ ದಂಡೆಯವರು ನೋಡುತ್ತ ನಿಂತರು.

ಅದಾದ ಮೇಲೂ ಬ್ರಿಗೇಡನ್ನು ಹೊಳೆಯಿಂದ ಹಿಂದಕ್ಕೆ ಕರೆಸಲಿಲ್ಲ. ಅಕ್ಟೋಬರ್ 12ರಂದು ಸಿಲೋನ್‌ಗೆ ಹೊರಟಿದ್ದ ಪ್ರಧಾನಿ ನೆಹರು, ನಮ್ಮ ನೆಲ ತೆರವುಗೊಳಿಸಲು ಸೈನ್ಯಕ್ಕೆ ಆದೇಶ ಕೊಟ್ಟಿರುವುದಾಗಿ ಪತ್ರಕರ್ತರಿಗೆ ಹೇಳಿದರು. ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಮರಳಿದರು. ಎದುರು ದಂಡೆಯಲ್ಲಿ ಸಿದ್ಧತೆ ಕಣ್ಣಿಗೇ ಕಾಣುತ್ತಿದ್ದಾಗ, 19ರಂದು, ತನ್ನ ಜನ ಸಾಯುವುದನ್ನು ನೋಡುತ್ತ ಕೂರುವುದಕ್ಕಿಂತ ರಾಜೀನಾಮೆ ಮೇಲೆಂದು ದಳ್ವಿ ಡಿವಿಜನ್ ಕಚೇರಿಗೆ ತಿಳಿಸಿದರು. ಮರುದಿನ ನಸುಕಿಗೆ ಫಿರಂಗಿಗಳು ಮೊರೆದವು. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಿತು. 2 ರಜಪೂತ್ ಪಡೆಯೊಂದರಲ್ಲೇ 513 ಮಂದಿಯಲ್ಲಿ 282 ಮಂದಿ ಸತ್ತರು. ಸಣ್ಣ ಗುಂಪಿನೊಂದಿಗೆ ಬೆಟ್ಟ ಹತ್ತಿದ ದಳ್ವಿ ಅನ್ನವಿಲ್ಲದೆ ಅಲೆದು, 22ರ ಬೆಳಿಗ್ಗೆ ಸೆರೆ ಸಿಕ್ಕರು.

ಸೆರೆಯಲ್ಲಿ ಅವರನ್ನು ಒಂಟಿಯಾಗಿ ಇಟ್ಟಿದ್ದರು. ನವೆಂಬರ್ 21ರ ರಾತ್ರಿ ಕಾವಲಿನ ಚೀನೀ ಮೇಜರ್ ಎಬ್ಬಿಸಿ ಕದನವಿರಾಮದ ಸುದ್ದಿ ಹೇಳಿದಾಗಲೇ ಪುಸ್ತಕ ಬರೆಯುವ ಯೋಚನೆ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. 1963ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು.

ಇಂಥ ನೆನಪು ಸಾಕ್ಷಿಯೂ ಹೌದು, ಸಮರ್ಥನೆಯೂ ಹೌದು. ಕೌಲ್ ತಮ್ಮ ಕಡೆಯ ಕತೆಯನ್ನು 1967ರಲ್ಲೇ ಬರೆದಿದ್ದರು. ದಳ್ವಿಯವರ ಮೇಲಧಿಕಾರಿ ಮೇಜರ್ ಜನರಲ್ ನಿರಂಜನ್ ಪ್ರಸಾದ್ 1981ರಲ್ಲಿ ಬರೆದರು. ಮೂವರೂ ಒಂದೇ ಹೊಳೆಯ ದಂಡೆಯ ವಿದ್ಯಮಾನ ಹೇಳುತ್ತಾರೆ. ತಪ್ಪು ಮಾತ್ರ ಪ್ರತಿ ಸಲವೂ ಬೇರೆಯವರ ಮನೆ ಸೇರುತ್ತದೆ. ದಳ್ವಿಯವರ ಸಿಟ್ಟು ಹೆಚ್ಚಾಗಿ ನೆಹರು, ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಮತ್ತು ಕೌಲ್ ಕಡೆಗೆ. ಅದಕ್ಕೆ ಹಿನ್ನೆಲೆಯೂ ಇತ್ತು. ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ಮೆನನ್ ಜೊತೆಗಿನ ಜಗಳದಲ್ಲಿ ರಾಜೀನಾಮೆ ಕೊಟ್ಟು ನೆಹರು ಮಾತಿಗೆ ಹಿಂತೆಗೆದುಕೊಂಡಿದ್ದರು. ರಕ್ಷಣಾ ಸಚಿವರಿಗೂ ಸೇನೆಗೂ ನಡುವಿನ ಬಿರುಕು ಆಗಲೇ ಊರಿಗೆಲ್ಲ ಗೊತ್ತಿತ್ತು. ಆದರೂ ದಳ್ವಿ ದೆಹಲಿಯ ಮನಸ್ಸನ್ನು ಓದಲು ಹೊರಟಾಗ ಅನುಮಾನದಿಂದ ಓದುವುದೇ ಸರಿ. ಕೈದಿಯ ಕೋಣೆಯಲ್ಲಿ ಹದಗೊಂಡ ಕೋಪ ಅಲ್ಲಿ ಮಾತಾಡುತ್ತದೆ. ಹೊಳೆ, ಬಂಕರ್, ಗುಂಡಿನ ಲೆಕ್ಕದ ವಿಷಯದಲ್ಲಿ ಅವರನ್ನು ನಂಬಬಹುದು.

ಸೋಲಿನ ಬಗ್ಗೆ ಸೇನೆಯೇ ನಡೆಸಿದ ವಿಚಾರಣೆಯ ವರದಿಯನ್ನು ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಪ್ರೇಮ್ ಭಗತ್ 1963ರಲ್ಲಿ ಒಪ್ಪಿಸಿದರು. ಸರ್ಕಾರಗಳು ಬದಲಾದರೂ ಅದರ ಮೇಲಿನ ಗುಟ್ಟಿನ ಮುದ್ರೆ ತೆಗೆಯಲಿಲ್ಲ. ಆಸ್ಟ್ರೇಲಿಯಾದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಅಂತರಜಾಲದಲ್ಲಿ ಹಾಕಿದರು. 1962ರ ಬಗ್ಗೆ ತಿಳಿಯಬಯಸುವ ಕನ್ನಡ ಓದುಗರು ದಳ್ವಿಯವರನ್ನು ಮೊದಲು ಓದಲಿ. ಅಲ್ಲಿಗೇ ನಿಲ್ಲಿಸದೆ ಕೌಲ್ ಬರೆದದ್ದನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ.