ಚಿತ್ರಕಥೆಗಳ ಬೆಲೆಯೇರಿಕೆ ಮತ್ತು ಹಳೆಯ ವಾಚಕರು

ಮಕ್ಕಳ ಚಿತ್ರಕಥೆಯ ಪುಸ್ತಕಗಳು ದುಬಾರಿಯಾದುವೆಂಬುದು ವಿಶ್ವವಿದ್ಯಾನಿಲಯದ ವಿಭಾಗವೊಂದು ವಿವೇಚಿಸತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಅಕ್ಕಿ ಬೇಳೆಗಳ ಬೆಲೆಯ ಮುಂದೆ ಇದು ಅಲ್ಪವೆಂಬುದು ನಿಜ. ಆದರೆ ಬೆಲೆ ಹೇಗೆ ಹುಟ್ಟುತ್ತದೆ, ಏರಿದ ಬೆಲೆಯ ಭಾರ ಕಟ್ಟಕಡೆಗೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಲು ಇದು ಒಳ್ಳೆಯ ಉದಾಹರಣೆ. ಮೇಲಾಗಿ, ಪಠ್ಯಪುಸ್ತಕದ ಹೊರಗೆ ಕನ್ನಡವನ್ನು ತಾವಾಗಿಯೇ ಓದುವ ಅಭ್ಯಾಸ ಅನೇಕರಿಗೆ ಹತ್ತಿದುದು ಇಂಥ ಪುಸ್ತಕಗಳಿಂದಲೇ. ಚಾಮರಾಜನಗರ, ಗುಂಡ್ಲುಪೇಟೆಗಳಂಥ ಸಣ್ಣ ಊರುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಸ್ವಲ್ಪ ಇತಿಹಾಸ. 1947ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ 'ಚಂದಮಾಮ' ಸ್ವಲ್ಪಕಾಲದಲ್ಲಿಯೇ ಕನ್ನಡಕ್ಕೂ ಬಂದಿತು. ಅದು ಚಿತ್ರಸಹಿತವಾದ ಕಥೆಗಳ ಮಾಸಪತ್ರಿಕೆ. ಚೌಕಗಳಲ್ಲಿ ಚಿತ್ರ, ಮಾತುಗಳನ್ನು ಜೋಡಿಸಿ ಹೇಳುವ ಚಿತ್ರಕಥೆಯಲ್ಲ. ಚಿತ್ರಕಥೆಯನ್ನು ಅಂಗಡಿಯ ಸರಕಾಗಿ ದೇಶದಲ್ಲೆಲ್ಲ ಹರಡಿದುದು 1964ರಲ್ಲಿ ಪ್ರಾರಂಭವಾಗಿ 1990ರಲ್ಲಿ ನಿಂತ 'ಇಂದ್ರಜಾಲ ಕಾಮಿಕ್ಸ್'. 1965ರಲ್ಲಿ ಹೊರಟ 'ಸುಧಾ' ವಾರಪತ್ರಿಕೆ ಫ್ಯಾಂಟಮ್‌ನ ಸಾಹಸಗಳನ್ನು ಕನ್ನಡದ ಮನೆಗಳಿಗೆ ತಲಪಿಸಿತು. 'ಅಮರ ಚಿತ್ರಕಥೆ'ಯ ಆರಂಭವನ್ನು 1967 ಎಂದು ಹೇಳುವುದು ವಾಡಿಕೆ. ಸಂಪಾದಕ ಅನಂತ ಪೈ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಮಾಲೆಯ ಮೊದಲ ಪುಸ್ತಕಗಳು ಬೆಂಗಳೂರಿನಲ್ಲಿ, ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಕನ್ನಡದಲ್ಲಿಯೇ ಹೊರಬಂದುವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವು ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದಗಳು. ಇಂಗ್ಲಿಷ್ ಮಾಲೆಯಲ್ಲಿ 'ಕೃಷ್ಣ' 11ನೆಯ ಸಂಖ್ಯೆಯಾಗಿರುವುದು ಈ ಹತ್ತು ಪುಸ್ತಕಗಳು ಮೊದಲೇ ಬಂದಿದ್ದುದರಿಂದ. ತರುವಾಯದ ತಲೆಮಾರಿಗೆ 'ಬಾಲಮಂಗಳ'ದ ಡಿಂಗ ಆಪ್ತನಾದನು.

ಚಾಮರಾಜನಗರ ಮೈಸೂರಿನಿಂದ ಹೊರಟ ರೈಲುದಾರಿಯ ಕೊನೆಯ ನಿಲ್ದಾಣ. ಗುಂಡ್ಲುಪೇಟೆ ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಎರಡೂ ಮೈಸೂರಿಗೆ ಸುಮಾರು 60 ಕಿಲೋಮೀಟರು ದೂರ. ಇಂಥ ಊರುಗಳಲ್ಲಿ ಚಿತ್ರಕಥೆಗೆಂದೇ ಪ್ರತ್ಯೇಕವಾದ ಅಂಗಡಿ ನಡೆಯಲಾರದು. ದಿನಪತ್ರಿಕೆ, ವಾರಪತ್ರಿಕೆಗಳ ಕಟ್ಟಿನೊಡನೆ ಬಂದು, ಅವುಗಳ ಪಕ್ಕದಲ್ಲಿಯೇ ತೂಗಿ ಮಾರಾಟವಾಗಬೇಕು. ಬೆಲೆ ಅಗ್ಗವಾಗಿ, ಮಾರಾಟ ಚುರುಕಾಗಿದ್ದಷ್ಟು ಕಾಲ ಮಾತ್ರ ವ್ಯಾಪಾರಿ ಅದಕ್ಕೆ ಜಾಗ ಕೊಡುತ್ತಾನೆ. ಈ ಸಂಗತಿಯನ್ನು ಮುಂದಿನ ವಿವೇಚನೆಯಲ್ಲಿ ನೆನಪಿಡತಕ್ಕದ್ದು.

ಈಗ ಬೆಲೆಯ ವಿಚಾರ. ಹಳೆಯ ವಾಚಕರು ಅಂದಿನ ಪೈಸೆಗಳನ್ನೂ ಇಂದಿನ ರೂಪಾಯಿಗಳನ್ನೂ ನೇರವಾಗಿ ಹೋಲಿಸಿ ನಿಟ್ಟುಸಿರುಬಿಡುವುದುಂಟು. ಈ ಹೋಲಿಕೆ ಸರಿಯಲ್ಲ. ಕೈಗಾರಿಕಾ ಕಾರ್ಮಿಕರ ಬಳಕೆದಾರ ಬೆಲೆ ಸೂಚ್ಯಂಕವನ್ನು ಅದರ ಬೇರೆಬೇರೆ ಮೂಲವರ್ಷಗಳನ್ನು ಜೋಡಿಸಿ ಲೆಕ್ಕಹಾಕಿದರೆ, 1970ರಿಂದ 2024ರವರೆಗೆ ಬೆಲೆಮಟ್ಟ ಸುಮಾರು 50 ಪಟ್ಟು ಏರಿರುವುದು ತಿಳಿಯುತ್ತದೆ. ಅಂದರೆ 1970ರ ಒಂದು ರೂಪಾಯಿ ಇಂದಿನ 50 ರೂಪಾಯಿಗೆ ಸಮ. ಅಂದು ಒಂದು ರೂಪಾಯಿಯ ಪುಸ್ತಕ ಇಂದು 100 ರೂಪಾಯಿಯದಾಗಿದೆ ಎಂದಿಟ್ಟುಕೊಳ್ಳೋಣ. ಏರಿಕೆ ನೂರು ಪಟ್ಟಿನಂತೆ ಕಂಡರೂ ನೈಜವಾದ ಏರಿಕೆ ಎರಡು ಪಟ್ಟು ಮಾತ್ರ. ಉಳಿದುದು ಪುಸ್ತಕದ ದೋಷವಲ್ಲ, ರೂಪಾಯಿಯ ಅಪಮೌಲ್ಯ.

ಹಾಗಾದರೆ ಈ ಎರಡು ಪಟ್ಟಿಗೆ ಕಾರಣವೇನು? ಮುಖ್ಯ ಕಾರಣ ಸ್ಥಿರವೆಚ್ಚ. ಕಥೆ ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ, ಅಚ್ಚಿನ ಫಲಕಗಳಿಗೆ ಆಗುವ ಖರ್ಚು ಒಂದು ಪ್ರತಿ ಅಚ್ಚಾದರೂ ಸಾವಿರ ಪ್ರತಿ ಅಚ್ಚಾದರೂ ಒಂದೇ. ಆ ಖರ್ಚು ಎರಡು ಲಕ್ಷ ರೂಪಾಯಿ ಎಂದು ಭಾವಿಸಿದರೆ, 20,000 ಪ್ರತಿಗಳಿಗೆ ಹಂಚಿದಾಗ ಪ್ರತಿಯೊಂದಕ್ಕೆ 10 ರೂಪಾಯಿ ತಗಲುತ್ತದೆ. 2,000 ಪ್ರತಿಗಳಿಗೆ ಹಂಚಿದಾಗ 100 ರೂಪಾಯಿ. ದೂರದರ್ಶನವೂ ತರುವಾಯ ದೂರವಾಣಿಯ ತೆರೆಯೂ ಮಕ್ಕಳ ಬಿಡುವಿನ ವೇಳೆಯನ್ನು ಆಕ್ರಮಿಸಿದಂತೆಲ್ಲ ಪ್ರತಿಗಳ ಸಂಖ್ಯೆ ಇಳಿಯಿತು. ಸಂಖ್ಯೆ ಇಳಿದುದರಿಂದ ಬೆಲೆ ಏರಿತು. ಬೆಲೆ ಏರಿದುದರಿಂದ ಸಂಖ್ಯೆ ಮತ್ತಷ್ಟು ಇಳಿಯಿತು.

ಇದರೊಡನೆ ತೆರಿಗೆಯ ಒಂದು ಸೂಕ್ಷ್ಮವಿದೆ. ಮುದ್ರಿತ ಪುಸ್ತಕಕ್ಕೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಇದು ವಾಚಕರಿಗೆ ಅನುಕೂಲವೆಂದು ತೋರಬಹುದು. ಆದರೆ ಮಾರಾಟದ ಮೇಲೆ ತೆರಿಗೆಯಿಲ್ಲದ್ದರಿಂದ, ಕಾಗದಕ್ಕೆ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವ ಅವಕಾಶ ಪ್ರಕಾಶಕನಿಗಿಲ್ಲ. ಅದು ಪುಸ್ತಕದ ವೆಚ್ಚದಲ್ಲಿಯೇ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟುಪುಸ್ತಕಗಳ ಕಾಗದಕ್ಕೆ ವಿನಾಯಿತಿ ದೊರೆಯಿತು. ಪುಸ್ತಕ ಮುದ್ರಣದ ಕಾಗದದ ಮೇಲಣ ತೆರಿಗೆ ಮಾತ್ರ ಶೇಕಡ 12ರಿಂದ 18ಕ್ಕೆ ಏರಿತು.

ಇದು ನಮ್ಮ ದೇಶದ ಅನುಭವ ಮಾತ್ರವಲ್ಲ. ಅಮೆರಿಕದಲ್ಲಿ 1938ರಿಂದ 1961ರವರೆಗೆ ಚಿತ್ರಕಥೆಯ ಸಂಚಿಕೆ 10 ಸೆಂಟಿಗೆ ದೊರೆಯುತ್ತಿತ್ತು. ಅಲ್ಲಿಯ ಬೆಲೆಮಟ್ಟದ ಪ್ರಕಾರ ಅದು 2024ರಲ್ಲಿ ಸುಮಾರು ಒಂದು ಡಾಲರಿನಷ್ಟಾಗಬೇಕಾಗಿತ್ತು. ವಾಸ್ತವವಾಗಿ ನಾಲ್ಕು ಡಾಲರಿನ ಸಮೀಪಕ್ಕೆ ಬಂದು ನಿಂತಿದೆ. 1970ರ ದಶಕದಿಂದ ಅಲ್ಲಿಯ ಚಿತ್ರಕಥೆ ಪತ್ರಿಕೆಯ ಅಂಗಡಿಯನ್ನು ಬಿಟ್ಟು ಸಂಗ್ರಾಹಕರ ಅಂಗಡಿಗೆ ಸರಿಯಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಓದುವ ವಸ್ತು ಕೂಡಿಡುವ ವಸ್ತುವಾಯಿತು.

ನಮ್ಮ ಹಳೆಯ ವಾಚಕರ ಮೇಲೆ ಇದರ ಪರಿಣಾಮವನ್ನು ಅರಿಯಲು ಬೆಲೆಯೊಂದನ್ನೇ ನೋಡಿದರೆ ಸಾಲದು. ಒಂದೊಂದು ಓದಿಗೆ ತಗಲುವ ವೆಚ್ಚವನ್ನು ನೋಡಬೇಕು. ಒಂದು ರೂಪಾಯಿಯ ಪುಸ್ತಕವನ್ನು ಕೈಬದಲು ಕೊಡಲು ಯಾರೂ ಹಿಂಜರಿಯರು. ಅದು ಅಣ್ಣನಿಂದ ತಮ್ಮನಿಗೆ, ಪಕ್ಕದ ಮನೆಗೆ, ತರಗತಿಯ ಹಿಂದಿನ ಬೆಂಚಿಗೆ ಹೋಗಿ ರಟ್ಟು ಹರಿಯುವ ಹೊತ್ತಿಗೆ ಹತ್ತು ಜನ ಓದಿದ್ದರೆ, ಇಂದಿನ ಲೆಕ್ಕದಲ್ಲಿ ಒಂದು ಓದಿನ ವೆಚ್ಚ 5 ರೂಪಾಯಿ. 100 ರೂಪಾಯಿಯ ಪುಸ್ತಕವನ್ನು ಕೊಂಡವನೊಬ್ಬನೇ ಓದಿ ಕಪಾಟಿನಲ್ಲಿಟ್ಟರೆ ಒಂದು ಓದಿನ ವೆಚ್ಚ 100 ರೂಪಾಯಿ. ಬೆಲೆ ಎರಡು ಪಟ್ಟಾದರೆ ಓದಿನ ವೆಚ್ಚ 20 ಪಟ್ಟಾಯಿತು. ಹಳೆಯ ವಾಚಕ ಇಂದು ಸಂಪಾದಿಸುವವನು; ಪ್ರಾಯಶಃ ಅವನು ಈ ಬೆಲೆಯನ್ನು ತಾಳಿಕೊಳ್ಳಬಲ್ಲ. ಅವನಿಗಿದ್ದಂತೆ ಕೈಗೆ ಕೈ ದಾಟಿ ಬರುವ ಪುಸ್ತಕ ಇಲ್ಲದವನು ಇಂದಿನ ಬಾಲಕ.

ಭಾಷೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಪ್ರತಿಗಳು ಕಡಮೆಯಾದಾಗ ಮೊದಲು ನಿಲ್ಲುವುದು ಸಣ್ಣ ಮಾರುಕಟ್ಟೆಯ ಆವೃತ್ತಿ. ಇಂದ್ರಜಾಲ, ಚಂದಮಾಮ, ಬಾಲಮಂಗಳ ಮೂರೂ ನಿಂತುಹೋದುವು. ಅಮರ ಚಿತ್ರಕಥೆ ಇಂಗ್ಲಿಷಿನಲ್ಲಿ ಹರಡಿಕೊಂಡಷ್ಟು ಕನ್ನಡದಲ್ಲಿ ಉಳಿಯಲಿಲ್ಲ. ತಮಿಳಿನ ಸ್ಥಿತಿ ಬೇರೆ. ಶಿವಕಾಶಿಯ ಮುತ್ತು ಕಾಮಿಕ್ಸ್ 1970ರ ದಶಕದ ಆದಿಯಲ್ಲಿಯೂ ಲಯನ್ ಕಾಮಿಕ್ಸ್ 1984ರಲ್ಲಿಯೂ ಹುಟ್ಟಿ, ಬೆಲೆಯನ್ನು ಬಹುವಾಗಿ ಏರಿಸಿಯೂ, ಹಳೆಯ ವಾಚಕರ ಚಂದಾಹಣದ ಬಲದಿಂದ ಉಳಿದಿವೆ. ಗಡಿಯ ಆಚೆಯ ವಾಚಕನಿಗೆ ದುಬಾರಿಯಾದರೂ ಪುಸ್ತಕವಿದೆ. ಈಚೆಯವನಿಗೆ ಬೆಲೆ ತೆರಲು ಮನಸ್ಸಿದ್ದರೂ ತನ್ನ ಭಾಷೆಯ ಪುಸ್ತಕವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ಗುಂಡ್ಲುಪೇಟೆಯ ಹಳ್ಳಿಯ ಹುಡುಗಿಗೆ ಮೈಸೂರಿಗೆ ಹೋಗಿಬರುವ ಬಸ್ಸಿನ ಖರ್ಚೂ ಪುಸ್ತಕದ ಬೆಲೆಯೊಳಗೇ ಸೇರಿತು.

ಪರಿಹಾರ ಮೇಲಿನ ಲೆಕ್ಕದಲ್ಲಿಯೇ ಇದೆ. ಬೆಲೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ. ಓದುವವರ ಸಂಖ್ಯೆಯನ್ನು ಹೆಚ್ಚಿಸುವುದು ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ನಾವೆಲ್ಲರೂ ಗ್ರಂಥಾಲಯ ಕರ ತೆರುತ್ತಿದ್ದೇವೆ. ಅರಿವು ಕೇಂದ್ರಗಳೆಂದು ಹೆಸರಾದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 100 ರೂಪಾಯಿಯ ಒಂದು ಚಿತ್ರಕಥೆಯನ್ನು ಕೊಂಡು 50 ಮಕ್ಕಳಿಗೆ ಓದಿಸಿದರೆ ಒಂದು ಓದಿಗೆ 2 ರೂಪಾಯಿ. 2025ರ ಮೇ ತಿಂಗಳಲ್ಲಿ ಆರಂಭವಾದ ಅಂಚೆಯ 'ಜ್ಞಾನ ಪೋಸ್ಟ್' ದರ ತೆರಿಗೆಯ ಹೊರತು 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗ್ರಾಮಿಗೆ 100 ರೂಪಾಯಿ. ಊರಿಗೆ ಪುಸ್ತಕ ತರಿಸಲು ಇದರ ಉಪಯೋಗವನ್ನು ಪಡೆಯಬಹುದು. ಎಲ್ಲ ಗ್ರಂಥಾಲಯಗಳೂ ಹೀಗೆ ಕೊಳ್ಳುವುವೆಂಬ ಭರವಸೆ ಹುಟ್ಟಿದರೆ ಪ್ರಕಾಶಕನಿಗೂ ಕನ್ನಡ ಆವೃತ್ತಿಯನ್ನು ಹೊರಡಿಸುವ ಧೈರ್ಯ ಬಂದೀತು. ಹಳೆಯ ವಾಚಕರೂ ತಮ್ಮ ಕಪಾಟಿನ ಎರಡನೆಯ ಪ್ರತಿಗಳನ್ನಾದರೂ ಊರಿನ ಗ್ರಂಥಾಲಯಕ್ಕೆ ಕೊಡುವುದು ಉಚಿತ. ತಮಗೆ ಅವು ಹಿಂದೆ ದೊರೆತುದೂ ಯಾರೋ ಒಬ್ಬರ ಕೈಯಿಂದಲೇ ಅಲ್ಲವೆ?